ವೆಣ್ಣಾ ಕೆರೆ ಯಾರು ಕಟ್ಟಿಸಿದ್ದು?

ಪ್ರಶ್ನೆ: ಮಹಾಬಳೇಶ್ವರದ ವೆಣ್ಣಾ ಕೆರೆ ತಾನಾಗಿ ಆದದ್ದೋ, ಕಟ್ಟಿಸಿದ್ದೋ? ಆ ಊರನ್ನೇ ಬ್ರಿಟಿಷರು ಕಟ್ಟಿದರು ಅಂತಾರೆ, ಖರೇನಾ?
– ಓದುಗರು, ಗದಗ

ಉತ್ತರ: ಕೆರೆ ಕಟ್ಟಿಸಿದ್ದು. 1842ರಲ್ಲಿ ಸಾತಾರೆಯ ಅರಸ ಶಹಾಜಿ, ಅಂದರೆ ಅಪ್ಪಾಸಾಹೇಬರು, ಊರಿಗೆ ನೀರು ಸಾಲದೆಂದು ಕಟ್ಟಿಸಿದರು. ದೋಣಿ ವಿಹಾರ ಆಮೇಲೆ ಬಂದದ್ದು. ವರ್ಷಕ್ಕೆ 5,000 ಮಿ.ಮೀ. ಮೀರಿ ಮಳೆ ಬೀಳುವ ಊರಿಗೆ ನೀರಿನ ಬರವೇ ಎಂದು ಕೇಳಬಹುದು. ಅಲ್ಲಿಯದು ಜಂಬಿಟ್ಟಿಗೆ ಕಲ್ಲಿನ ನೆಲ, ಸುತ್ತ ಕಡಿದಾದ ಕೊಳ್ಳ. ನಮ್ಮ ನವಲಗುಂದದ ಎರೆಭೂಮಿಯ ಹಾಗೆ ಅದು ಹಸಿ ಹಿಡಿದಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದದ್ದೆಲ್ಲ ಇಳಿದುಹೋಗುತ್ತದೆ, ಜನ ತುಂಬುವುದು ಏಪ್ರಿಲ್, ಮೇ ತಿಂಗಳಲ್ಲಿ. ವೆಣ್ಣಾ ಹೊಳೆ ಸಾತಾರೆಯ ಹತ್ತಿರ ಮಾಹುಲಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಹೀಗಾಗಿ ಆ ಕೆರೆಯ ಕೋಡಿ ನೀರಿಗೂ ಆಲಮಟ್ಟಿಯೇ ದಾರಿ.

ಊರಿನ ಮಾತು ಅರ್ಧ ಖರೆ. ಕೃಷ್ಣೆ ಹುಟ್ಟುವ ಕ್ಷೇತ್ರ ಮಹಾಬಳೇಶ್ವರ ಬಹಳ ಹಳೆಯದು. ಅದರಿಂದ ಐದಾರು ಕಿ.ಮೀ. ದೂರದ ಪೇಟೆ ಮಾತ್ರ ಮುಂಬೈ ಗವರ್ನರ್ ಜಾನ್ ಮಾಲ್ಕಮ್ ಕಾಲದ್ದು. ಧಾರವಾಡವೂ ಆಗ ಅದೇ ಗವರ್ನರರ ಕೈಕೆಳಗಿತ್ತು. 1829ರಲ್ಲಿ ಸಾತಾರೆಯ ಪ್ರತಾಪಸಿಂಹ ಮಹಾರಾಜರು ಬೆಟ್ಟವನ್ನು ಬಿಟ್ಟುಕೊಟ್ಟು, ಬದಲಿಗೆ ವಾಯಿ ಕಡೆಯ ಖಂಡಾಳೆ ಗ್ರಾಮವನ್ನು ಪಡೆದರು. ಪೇಟೆಗೆ ಮಾಲ್ಕಮ್ ಪೇಠ ಎಂದೇ ಹೆಸರಾಯಿತು. ಅಲ್ಲಿ ಸೆರೆಯಲ್ಲಿಟ್ಟಿದ್ದ ಚೀನೀ ಕೈದಿಗಳು ಬಟಾಟೆ, ತರಕಾರಿ ಬೆಳೆದು ಬಿಳಿಯರ ಅಡುಗೆಮನೆಗೆ ಒದಗಿಸಿದರು. ಊರಿನ ಚರಿತ್ರೆ ಹೇಳುವಾಗ ಅರಸರು, ಗವರ್ನರರ ಜೊತೆ ಅವರ ದುಡಿಮೆಯನ್ನೂ ಹೇಳಲೇಬೇಕು.

ಪ್ರಶ್ನೆ: ಅಲ್ಲಿಂದ ತಂದ ಸ್ಟ್ರಾಬೆರಿ ಹಾವೇರಿ ಮುಟ್ಟುವುದರೊಳಗೆ ಕೊಳೆಯುತ್ತದೆ. ಏನು ಮಾಡಬೇಕು?
– ಓದುಗರು, ಹಾವೇರಿ

ಉತ್ತರ: ಹಾವೇರಿಗೆ ನಾನೂರು ಕಿ.ಮೀ. ಮೀರಿದ ದಾರಿ, ಹಣ್ಣಿನ ಸಿಪ್ಪೆಯೋ ತೀರ ತೆಳು. ಹೊರಡುವ ದಿನ ಬೆಳಿಗ್ಗೆಯೇ, ಅಂದೇ ಕಿತ್ತದ್ದನ್ನು ಕೊಳ್ಳಿರಿ. ತೊಟ್ಟಿನ ತನಕ ಕೆಂಪಾಗಿರಬೇಕು. ಮಾವಿನಂತೆ ಇದು ಕಿತ್ತ ಮೇಲೆ ಮಾಗುವುದಿಲ್ಲ, ಬಿಳಿ ಭುಜದ ಕಾಯಿ ಹುಳಿಯಾಗಿಯೇ ಉಳಿಯುತ್ತದೆ. ಡಬ್ಬಿಯನ್ನು ಬುಡ ಮೇಲೆ ಮಾಡಿ ನೋಡಿ: ತಳದ ಕಾಗದ ರಸಕ್ಕೆ ಒದ್ದೆಯಾಗಿದ್ದರೆ ಬೇಡ. ಅಗಲ ಡಬ್ಬಿಯಲ್ಲಿ ಒಂದೇ ಪದರ ಹರವಿ, ಐಸ್ ಇಟ್ಟ ಪೆಟ್ಟಿಗೆಯಲ್ಲಿ ತನ್ನಿ, ಐಸ್ ಹಣ್ಣಿಗೆ ತಾಗಬಾರದು. ತೊಟ್ಟು ತೆಗೆಯುವುದು, ತೊಳೆಯುವುದು ಎರಡೂ ತಿನ್ನುವ ಹೊತ್ತಿಗೇ. ಮೊದಲೇ ತೊಳೆದರೆ ಆ ಹಸಿಗೆ ಬೂಸಲು ಬರುತ್ತದೆ, ಒಂದಕ್ಕೆ ಬಂದರೆ ಪಕ್ಕದ್ದಕ್ಕೂ ಹತ್ತುತ್ತದೆ. ಜನವರಿ, ಫೆಬ್ರುವರಿಯ ಚಳಿಯಲ್ಲಿ ತಂದರೆ ಚಲೋ. ಏಪ್ರಿಲ್ ಬಿಸಿಲಲ್ಲಿ ಹಣ್ಣು ತರುವ ಬದಲು ಜಾಮ್ ತನ್ನಿ.