ವೆಂಟಿಲೇಟರ್‌ನಲ್ಲಿ 3 ವಾರ ದಾಟುವ ರೋಗಿಯ ಐಸಿಯು ಖರ್ಚನ್ನು ಮೊದಲೇ ಅಂದಾಜಿಸಬಹುದೇ?

ಒಂದು ಮಟ್ಟಿಗೆ ಮಾತ್ರ. ಬಿಲ್ ಬೆಳೆಸುವುದು ಮುಖ್ಯವಾಗಿ ಐಸಿಯು ದಿನಗಳು. ಮೊದಲ ದಿನದ ಅಪಾಚೆ 2 ಅಂಕವನ್ನು (ಐಸಿಯು ರೋಗಿಯ ಸ್ಥಿತಿ ಎಷ್ಟು ಗಂಭೀರ ಎಂದು ತೋರಿಸುವ ಅಂಕ) ನೆಚ್ಚಿಕೊಂಡರೆ ಲೆಕ್ಕ ತಪ್ಪುತ್ತದೆ. ಅದು ಸಾವಿನ ಅಪಾಯ ಅಳೆಯಲು ಮಾಡಿದ್ದು. ತೀರಾ ಹೆಚ್ಚು ಅಂಕದವರು ಬೇಗ ತೀರಿಕೊಂಡರೆ ಬಿಲ್ ಚಿಕ್ಕದೇ.

ಹಾಗಾಗಿ ಒಮ್ಮೆ ಹಾಕಿದ ಅಂದಾಜಿಗೆ ಅಂಟಿಕೊಳ್ಳದೆ 7, 14, 21ನೇ ದಿನ ಮತ್ತೆ ಲೆಕ್ಕ ಹಾಕಿ: ವೆಂಟಿಲೇಟರ್ ಬಿಡಿಸುವ ಪ್ರಯತ್ನ ಸೋತಿತೇ, ಟ್ರಾಕಿಯಾಸ್ಟಮಿ (ಉಸಿರಾಟಕ್ಕೆ ಕುತ್ತಿಗೆಯಲ್ಲಿ ರಂಧ್ರ ಮಾಡುವುದು) ಆಯಿತೇ, ನ್ಯುಮೋನಿಯಾ ಬಂತೇ, ಡಯಾಲಿಸಿಸ್ ಬೇಕಾಯಿತೇ?

ಕೆಲವರ ಭಾರೀ ಬಿಲ್ಲುಗಳು ಸರಾಸರಿಯನ್ನು ಮೇಲಕ್ಕೆ ಎಳೆಯುವುದರಿಂದ ಅಂದಾಜಿಗೆ ಸಾಮಾನ್ಯ ರೇಖೀಯ ರಿಗ್ರೆಶನ್‌ಗಿಂತ (ಸರಳರೇಖೆ ಹೊಂದಿಸುವ ಲೆಕ್ಕ) ಲಾಗ್ ಲಿಂಕ್ ಇರುವ ಗಾಮಾ ಮಾದರಿ (ಹೀಗೆ ಒಂದೆಡೆ ವಾಲಿದ ಅಂಕಿಗಳಿಗೆ ಹೊಂದುವ ಸಂಖ್ಯಾಶಾಸ್ತ್ರದ ಮಾದರಿ) ವಾಸಿ. ಖರ್ಚಿನ ಲಾಗ್ (ಲಾಗರಿದಮ್) ತೆಗೆದು, ಫಲಿತಾಂಶವನ್ನು ಹಾಗೇ ರೂಪಾಯಿಗೆ ತಿರುಗಿಸಿದರೆ ಸರಾಸರಿ ಕಡಿಮೆ ಬರುತ್ತದೆ (ಬಹಳ ಮಂದಿ ಎಡವುವುದು ಇಲ್ಲೇ).

ಮನೆಯವರಿಗೆ ಒಂದೇ ಅಂಕಿ ಬೇಡ. ಇನ್ನು 10 ದಿನವಾದರೆ ಇಷ್ಟು, 30 ದಿನವಾದರೆ ಇಷ್ಟು ಎಂದು ಹೇಳಿ.