ಗಂಟೆ ಲೆಕ್ಕ ಸರಿ ಇದ್ರೂ ಸುಸ್ತು ಯಾಕೆ?

ನಮಸ್ಕಾರ ಮೇಡಂ,

ನಿಮ್ಮ ಪತ್ರ ಮೂರು ಸಲ ಓದಿದೆ. 6 ವರ್ಷದಿಂದ ನರ್ಸ್ ಕೆಲಸ, ಒಂದು ವಾರ ನೈಟ್ ಶಿಫ್ಟ್, ಮುಂದಿನ ವಾರ ಮಧ್ಯಾಹ್ನದ್ದು, ಅದರ ಮುಂದಿನ ವಾರ ಬೆಳಗಿನದ್ದು. ನೈಟ್ ಮುಗಿಸಿ ಬಂದು ಹಗಲು 7 ಗಂಟೆ ಹಾಸಿಗೇಲಿದ್ರೂ ಎದ್ದಾಗ ತಲೆ ಭಾರ, ಹೊಟ್ಟೆ ಸರಿ ಇರಲ್ಲ, ಅದರ ಮೇಲೆ ಮನೆಯವರದ್ದು "ಇನ್ನೂ ಎಷ್ಟು ಮಲಗಬೇಕು" ಅನ್ನೋ ಮಾತು ಬೇರೆ. "ಹಗಲಾದ್ರೇನು ರಾತ್ರಿಯಾದ್ರೇನು, ಗಂಟೆ ಲೆಕ್ಕ ಒಂದೇ ಅಲ್ವಾ, ನಾನೇ ಸೋಮಾರಿ ಆಗ್ತಿದೀನಾ" ಅಂತ ಕೇಳಿದೀರ.

ಸೋಮಾರಿತನ ಅಲ್ಲವೇ ಅಲ್ಲ. ಮೊದಲು ಆ ಮಾತನ್ನ ಮನಸ್ಸಿಂದ ತೆಗೆದುಹಾಕಿ. ಎಷ್ಟು ಗಂಟೆ ಮಲಗಿದ್ರಿ ಅನ್ನೋದರ ಜೊತೆಗೆ ಯಾವ ಹೊತ್ತಲ್ಲಿ ಮಲಗಿದ್ರಿ ಅನ್ನೋದನ್ನೂ ದೇಹ ಲೆಕ್ಕ ಇಡತ್ತೆ, ನಿಮ್ಮ ತೊಂದರೆ ಇರೋದು ಅಲ್ಲಿ.

ನಮ್ಮ ಮೆದುಳಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟೋ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ, ಅದೇ ದೇಹದ ಗಡಿಯಾರ. ಯಾವಾಗ ಮೈ ಬಿಸಿ ಏರಬೇಕು, ಯಾವಾಗ ಇಳಿಬೇಕು, ಯಾವ ಹಾರ್ಮೋನ್ ಎಷ್ಟೊತ್ತಿಗೆ ಹರಿಬೇಕು ಅನ್ನೋದೆಲ್ಲ ಅದರ ತಾಳಕ್ಕೇ ನಡೆಯೋದು. ಗಿಡಗಳಿಗೂ ಇಂಥದ್ದೊಂದು ಇದೆ ನೋಡಿ, 1729ರಲ್ಲೇ ಡಿ ಮೈರಾನ್ ಅನ್ನೋ ಫ್ರೆಂಚ್ ವಿಜ್ಞಾನಿ ಮುಟ್ಟಿದರೆ ಮುನಿ ಜಾತಿಯ ಗಿಡವನ್ನ ಕತ್ತಲಲ್ಲಿಟ್ಟು ಗಮನಿಸಿದ, ಬಿಸಿಲೇ ಇಲ್ಲದಿದ್ರೂ ಅದು ಹಗಲು ಹೊತ್ತಿಗೆ ಎಲೆ ಬಿಚ್ಚಿ ರಾತ್ರಿಗೆ ಮುಚ್ಚಿಕೊಳ್ತಾನೇ ಇತ್ತು. ಜೀವಕೋಶದೊಳಗೆ ಈ ಗಡಿಯಾರ ಹೇಗೆ ಓಡತ್ತೆ ಅಂತ ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

ಮನುಷ್ಯರ ಗಡಿಯಾರ ಸರಾಸರಿ 24 ಗಂಟೆಗಿಂತ ಒಂಚೂರು ಉದ್ದ, ಅಂದ್ರೆ ದಿನಾ ಸ್ವಲ್ಪ ಹಿಂದೆ ಬೀಳತ್ತೆ. ಅದನ್ನ ದಿನಾ ಸರಿ ಮಾಡೋದು ಬೆಳಕು. ಕಣ್ಣಲ್ಲಿ ನೋಡೋಕಂತ ಇರೋ ಕೋಶಗಳು ಬೇರೆ, ಬೆಳಕು ಎಷ್ಟಿದೆ ಅಂತ ಈ ಗಡಿಯಾರಕ್ಕೆ ಸುದ್ದಿ ಮುಟ್ಟಿಸೋ ಕೋಶಗಳೇ ಬೇರೆ, ಇವಕ್ಕೆ ನೀಲಿ ಬೆಳಕಂದ್ರೆ ತುಂಬಾ ಚುರುಕು. ಕತ್ತಲಾಗ್ತಾ ಬಂದ ಹಾಗೆ ಮೆಲಟೋನಿನ್, ಅಂದ್ರೆ ರಾತ್ರಿ ಆಯ್ತು ಅಂತ ದೇಹಕ್ಕೆ ಹೇಳೋ ಹಾರ್ಮೋನ್, ಏರತ್ತೆ, ಜೋರು ಬೆಳಕು ಬಿದ್ರೆ ಇಳಿಯತ್ತೆ.

ಈಗ ನಿಮ್ಮ ದಿನ ನೋಡಿ. ರಾತ್ರಿಯಿಡೀ ವಾರ್ಡಿನ ಟ್ಯೂಬ್‌ಲೈಟ್ ಕೆಳಗೆ ಓಡಾಟ, ಬೆಳಿಗ್ಗೆ ಹೊರಗೆ ಬಂದ ಕೂಡ್ಲೇ ಮುಖಕ್ಕೆ ಬಿಸಿಲು, ಆ ಬಿಸಿಲು "ಹಗಲಾಯ್ತು ಏಳು" ಅಂತಿರುವಾಗಲೇ ನೀವು ಮಲಗೋಕೆ ಹೊರಟಿರ್ತೀರ. ಆಯಾಸಕ್ಕೆ ನಿದ್ದೆ ಹತ್ತತ್ತೆ ನಿಜ, ಆದ್ರೆ ಗಡಿಯಾರ ಎಬ್ಬಿಸ್ತಾನೇ ಇರೋದ್ರಿಂದ ಮಧ್ಯೆ ಮಧ್ಯೆ ಎಚ್ಚರ, ಹಾಸಿಗೇಲಿ 7 ಗಂಟೆ ಇದ್ರೂ ನಿಜವಾದ ನಿದ್ದೆ ಅದಕ್ಕಿಂತ ಕಮ್ಮಿ.

ನನಗೂ ಇದರ ರುಚಿ ಗೊತ್ತು. ವಿಶೇಷಾಂಕ ಪ್ರೆಸ್ಸಿಗೆ ಹೋಗೋ ಹಿಂದಿನ ರಾತ್ರಿ ಪ್ರೂಫ್ ನೋಡ್ತಾ ಕೂತಿದ್ದಾಗ ಬೆಳಗಿನ ಜಾವ 4ರ ಹೊತ್ತಿಗೆ ಫ್ಯಾನ್ ಆಫ್ ಮಾಡಿದ್ರೂ ಚಳಿ ಅನ್ನಿಸಿ ಶಾಲು ಹೊದ್ದುಕೊಂಡೆ, ಒಂದೇ ಸಾಲನ್ನ ನಾಲ್ಕು ಸಲ ಓದಿದ್ರೂ ಅದರಲ್ಲಿ ಒಂದೇ ಪದ ಎರಡು ಸಲ ಬಿದ್ದಿದ್ದು ಕಣ್ಣಿಗೆ ಕಾಣಲಿಲ್ಲ, ಹಾಗೇ ಅಚ್ಚಾಯ್ತು. ಮೈ ಶಾಖ ಅತೀ ಕಮ್ಮಿ ಇರೋದು ಆ ಹೊತ್ತಲ್ಲೇ, ಗಮನವೂ ಕುಗ್ಗಿರತ್ತೆ. ನನ್ನ ಕೈಲಿ ಇದ್ದಿದ್ದು ಕಾಗದ, ಅದೇ ಹೊತ್ತಲ್ಲಿ ನಿಮ್ಮ ಕೈಲಿ ಸಿರಿಂಜ್ ಇರತ್ತೆ, ಇದನ್ನ ನೆನೆಸಿಕೊಂಡ್ರೆ ನಿಮ್ಮ ಮೇಲಿನ ಗೌರವ ಜಾಸ್ತಿ ಆಗತ್ತೆ, ಭಯಾನೂ ಆಗತ್ತೆ.

ಹೊಟ್ಟೆ ವಿಷಯ. ಲಿವರ್, ಕರುಳು, ಮೇದೋಜೀರಕ ಗ್ರಂಥಿ ಎಲ್ಲಕ್ಕೂ ಅವುಗಳದ್ದೇ ಗಡಿಯಾರ ಇದೆ, ಅವು ಊಟದ ಹೊತ್ತನ್ನ ನೋಡಿಕೊಂಡು ಹೊಂದಿಕೊಳ್ತವೆ. ಮೆದುಳು ರಾತ್ರಿ ಅಂತಿರುವಾಗ ನೀವು 2 ಗಂಟೆಗೆ ಊಟ ಮಾಡಿದ್ರೆ ಒಳಗೇ ತಾಳ ತಪ್ಪತ್ತೆ. ಅದೇ ಊಟ ಬೆಳಿಗ್ಗೆ ಮಾಡಿದ್ದಕ್ಕಿಂತ ರಾತ್ರಿ ಮಾಡಿದಾಗ ಸಕ್ಕರೆ ಹೆಚ್ಚು ಏರತ್ತೆ. ವರ್ಷಗಟ್ಟಲೆ ಶಿಫ್ಟ್ ಮಾಡೋರಲ್ಲಿ ಡಯಾಬಿಟಿಸ್, ಹೃದಯದ ಕಾಯಿಲೆ ಹೆಚ್ಚು ಕಾಣಿಸಿಕೊಳ್ತವೆ. ಕ್ಯಾನ್ಸರ್ ಬಗ್ಗೆ ಎಲ್ಲೋ ಓದಿ ಹೆದರಿದೀನಿ ಅಂತ ಬರೆದಿದೀರಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಇಂಥ ಶಿಫ್ಟ್ ಕೆಲಸವನ್ನ "ಬಹುಶಃ ಕಾರಣ ಆಗಬಹುದು" ಅನ್ನೋ ಗುಂಪಿಗೆ ಸೇರಿಸಿದ್ದು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿದ್ದು ನಿಜ. ಆದ್ರೆ ಆ ಗುಂಪು ಹೇಳೋದು ಸಾಕ್ಷ್ಯ ಎಷ್ಟು ಗಟ್ಟಿ ಅಂತ ಮಾತ್ರ, ನೈಟ್ ಮಾಡಿದೋರಿಗೆಲ್ಲ ಬಂದೇ ಬರತ್ತೆ ಅಂತಲ್ಲ.

ಏನು ಮಾಡೋದು ಅಂದ್ರೆ, ಮೊದಲನೇದಾಗಿ ಮಲಗೋ ಕೋಣೆ ಪೂರ್ತಿ ಕತ್ತಲು ಮಾಡಿ, ದಪ್ಪ ಪರದೆ ಅಥವಾ ಕಣ್ಣುಪಟ್ಟಿ, ಫೋನ್ ಸೈಲೆಂಟ್. ಕಾಫಿ ಶಿಫ್ಟಿನ ಮೊದಲರ್ಧದಲ್ಲೇ ಮುಗಿಸಿ, ಅದರ ಅರ್ಧ ಭಾಗ ಮೈಯಿಂದ ಹೋಗೋಕೇ ಸುಮಾರು 5 ಗಂಟೆ ಬೇಕು. ದೊಡ್ಡ ಊಟ ಡ್ಯೂಟಿಗೆ ಹೋಗೋ ಮುಂಚೆ ಮಾಡಿ, ನಡುರಾತ್ರಿ ಏನಾದ್ರೂ ಹಗುರವಾದ್ದು ಸಾಕು. ಮೆಲಟೋನಿನ್ ಮಾತ್ರೆ ಕೇಳಿದೀರ, ತಪ್ಪು ಹೊತ್ತಲ್ಲಿ ತಗೊಂಡ್ರೆ ಗಡಿಯಾರ ತಪ್ಪು ದಿಕ್ಕಿಗೇ ಸರಿಯತ್ತೆ, ಡಾಕ್ಟರ್ ಹೇಳದೆ ಬೇಡ.

ಇನ್ನೊಂದು, ಇದು ನಿಮ್ಮೊಬ್ಬರ ಕೈಲಿ ಇಲ್ಲ. ನಿಮ್ಮ ಶಿಫ್ಟ್ ತಿರುಗೋದು ಉಲ್ಟಾ: ನೈಟ್, ಮಧ್ಯಾಹ್ನ, ಬೆಳಿಗ್ಗೆ. ಗಡಿಯಾರ ಸಹಜವಾಗಿ ಹಿಂದೆ ಬೀಳೋದ್ರಿಂದ ತಡವಾಗಿ ಮಲಗೋದು ಸುಲಭ, ಬೇಗ ಮಲಗೋದು ಕಷ್ಟ. ಬೆಳಿಗ್ಗೆ, ಮಧ್ಯಾಹ್ನ, ನೈಟ್ ಅನ್ನೋ ಕ್ರಮದಲ್ಲಿ ತಿರುಗಿಸಿದ್ರೆ ದೇಹಕ್ಕೆ ಹೊಂದಿಕೊಳ್ಳೋದು ಸಲೀಸು, ಇದಕ್ಕೆ ಆಸ್ಪತ್ರೆಗೆ ಒಬ್ಬರು ಹೆಚ್ಚಿಗೆ ಬೇಕಾಗಿಲ್ಲ, ರೋಸ್ಟರ್ ಬದಲಾಯಿಸಿದ್ರೆ ಆಯ್ತು. ನಾಲ್ಕೈದು ಜನ ಸೇರಿ ಬರೆದು ಕೊಡಿ, ಬೇಕಿದ್ರೆ ಈ ಪುಟಾನೂ ಜೊತೆಗೆ ಲಗತ್ತಿಸಿ. ಮನೆಯವರಿಗೂ ಓದೋಕೆ ಕೊಡಿ.

ಮತ್ತೆ ದಯವಿಟ್ಟು, ನೈಟ್ ಮುಗಿದ ಬೆಳಿಗ್ಗೆ ನೀವೇ ಗಾಡಿ ಓಡಿಸಿಕೊಂಡು ಬರಬೇಡಿ. ಸಿಗ್ನಲ್ಲಲ್ಲಿ ಕಣ್ಣು ಮುಚ್ಚಿಹೋಗಿ ಹಿಂದಿನವರ ಹಾರ್ನಿಗೆ ಎಚ್ಚರ ಆಯ್ತು ಅಂತ ಪತ್ರದ ಕೊನೇಲಿ ಒಂದೇ ಸಾಲಲ್ಲಿ ಬರೆದಿದೀರಲ್ಲ, ನನಗೆ ಆ ಸಾಲು ಓದಿದಾಗಿಂದ ಸಮಾಧಾನ ಇಲ್ಲ. ಬಸ್ಸಲ್ಲಿ ಬನ್ನಿ, ಇಲ್ಲಾ ಯಾರನ್ನಾದ್ರೂ ಕರೆದುಕೊಂಡು ಹೋಗೋಕೆ ಬರಹೇಳಿ, ಅದೂ ಆಗದಿದ್ರೆ ಅಲ್ಲೇ 20 ನಿಮಿಷ ಮಲಗಿ, ಎದ್ದ ಮೇಲೆ ಮಂಪರು ಪೂರ್ತಿ ಬಿಟ್ಟಿದೆಯಾ ನೋಡ್ಕೊಂಡು ಹೊರಡಿ.

- ಸಂಪಾದಕ