ಪಿತ್ತಕೋಶ ಹೋಯಿತು, ತುಪ್ಪವೂ ಹೋಗಬೇಕೆ?

ಪ್ರಶ್ನೆ: ನನಗೆ 46 ವರ್ಷ. ಕಲ್ಲುಗಳಿವೆಯೆಂದು ಐದು ತಿಂಗಳ ಹಿಂದೆ ಪಿತ್ತಕೋಶ ತೆಗೆದರು. ಇನ್ನು ಜಿಡ್ಡು ಜೀರ್ಣವಾಗುವುದಿಲ್ಲ ಎಂದು ಅತ್ತೆಯವರು ತುಪ್ಪ, ಕಾಯಿ, ಒಗ್ಗರಣೆ ಎಲ್ಲ ಬಿಡಿಸಿದ್ದಾರೆ. ಬರೀ ಮುದ್ದೆ, ಬೇಯಿಸಿದ ಸೊಪ್ಪು, ನೀರು ಮಜ್ಜಿಗೆ. ವಿಟಮಿನ್ ಡಿ ಕಡಿಮೆಯಿದೆಯೆಂದು ವಾರಕ್ಕೊಂದರಂತೆ ಎಂಟು ವಾರ 60,000 ಯೂನಿಟ್‌ನ ಪುಡಿ ಕೊಟ್ಟರು. ಭಾನುವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿಗೆ ಹಾಕಿ ಕುಡಿದೆ. ಮತ್ತೆ ಪರೀಕ್ಷೆ ಮಾಡಿಸಿದರೆ ಅಷ್ಟೇನೂ ಏರಿಲ್ಲ. ಪಿತ್ತಕೋಶ ಇಲ್ಲದ್ದಕ್ಕೆ ಹೀಗಾಯಿತೆ?
– ಹೆಸರು ಬೇಡ, ತಿಪಟೂರು

ಉತ್ತರ: ತಿಪಟೂರಿನಲ್ಲಿದ್ದುಕೊಂಡು ಕಾಯಿ ಬಿಟ್ಟಿದ್ದೀರಲ್ಲ, ಮೊದಲು ನಿಮಗೊಂದು ನಮಸ್ಕಾರ!

ನಿಮ್ಮಲ್ಲಿ ಹೋಗಿರುವುದು ಪಿತ್ತಕೋಶ, ಪಿತ್ತವಲ್ಲ. ಪಿತ್ತರಸ ತಯಾರಿಸುವುದು ಲಿವರ್, ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ. ಪಿತ್ತಕೋಶ ಅದನ್ನು ಕೂಡಿಟ್ಟು, ಗಟ್ಟಿ ಮಾಡಿ, ಜಿಡ್ಡು ಕರುಳಿಗೆ ಇಳಿದಾಗ ಹಿಂಡಿ ಸುರಿಯುತ್ತಿತ್ತು. ಈಗ ತೊಟ್ಟಿಯಿಲ್ಲದ ಮನೆಯ ನಲ್ಲಿಯಂತೆ ದಿನವಿಡೀ ಸಣ್ಣಗೆ ಹರಿಯುತ್ತಿರುತ್ತದೆ. ನಾಲ್ಕು ಒಬ್ಬಟ್ಟಿಗೆ ಮಿಳ್ಳೆಗಟ್ಟಲೆ ತುಪ್ಪ ಸುರಿದುಕೊಂಡರೆ ಹೊಟ್ಟೆ ಕೆಟ್ಟೀತು. ಊಟ ಊಟಕ್ಕೆ ಒಂದು ಚಿಕ್ಕ ಚಮಚ ತುಪ್ಪ, ಸಾಸಿವೆ ಸಿಡಿಸುವಷ್ಟು ಎಣ್ಣೆ ಹೆಚ್ಚಿನವರಿಗೆ ಒಗ್ಗುತ್ತದೆ.

ಎಣ್ಣೆ ಹಚ್ಚಿದ ತಲೆಗೆ ಬರೀ ನೀರು ಹುಯ್ದರೆ ಜಿಡ್ಡು ಬಿಟ್ಟೀತೆ? ಸೀಗೆಪುಡಿ ಬೇಕು. ಕರುಳಿನಲ್ಲಿ ಪಿತ್ತದ್ದು ಅದೇ ಕೆಲಸ. ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆದುಕೊಡುತ್ತದೆ, ಮೇದೋಜೀರಕ ಗ್ರಂಥಿಯ ಲೈಪೇಸ್ ಎಂಬ ಕಿಣ್ವ ಅದನ್ನು ಇನ್ನಷ್ಟು ತುಂಡರಿಸುತ್ತದೆ. ಎ, ಡಿ, ಇ, ಕೆ ವಿಟಮಿನ್‌ಗಳು ಜಿಡ್ಡಿನಲ್ಲಿ ಕರಗುವ ಜಾತಿ. ಅದರ ಜೊತೆ ಸೇರಿಕೊಂಡೇ ಕರುಳಿನ ಗೋಡೆ ದಾಟುತ್ತವೆ. ದಾಟಿದ ಮೇಲೂ ನೇರ ರಕ್ತಕ್ಕೆ ಹೋಗುವುದಿಲ್ಲ. ಕರುಳಿನಿಂದ ಜಿಡ್ಡು ಹೊತ್ತೊಯ್ಯುವ ದುಗ್ಧನಾಳ ಹಿಡಿದು ಎದೆಯೊಳಗಿಂದ ಮೇಲೇರಿ, ಎಡಗತ್ತಿನ ಬುಡದಲ್ಲಿ ರಕ್ತನಾಳ ಸೇರುತ್ತವೆ. ದುಗ್ಧ ಎಂದರೆ ಹಾಲು. ನಾನು ಓದುತ್ತಿದ್ದಾಗ, ಭರ್ಜರಿ ಊಟ ಮಾಡಿ ಬಂದಿದ್ದ ರೋಗಿಯೊಬ್ಬರ ತುರ್ತು ಆಪರೇಷನ್ನಿನಲ್ಲಿ ಕರುಳಿನ ಈ ನಾಳಗಳು ಬಿಳಿ ದಾರ ಹರಡಿದಂತೆ ಕಂಡವು. ಹೆಸರಿಟ್ಟವರು ಕಣ್ಣಾರೆ ಕಂಡೇ ಇಟ್ಟಿದ್ದಾರೆ ಎನ್ನಿಸಿತ್ತು.

ಡಿ ಪುಡಿಯನ್ನು ನೀವು ಜಿಡ್ಡೇ ಇಲ್ಲದ ಹೊಟ್ಟೆಗೆ ಕಳಿಸಿದ್ದೀರಿ. ಪೂರ್ತಿ ವ್ಯರ್ಥವಾಗಿರಲಾರದು, ಆದರೆ ಹೀರಿಕೆ ಕುಗ್ಗಿರಬಹುದು. ಮುಂದಿನ ಸಲ ಮಧ್ಯಾಹ್ನ ತುಪ್ಪದ ಊಟವಾದ ಮೇಲೆ ಹಾಲಿನಲ್ಲಿ ಕುಡಿಯಿರಿ. ವೈದ್ಯರನ್ನು ಕೇಳದೆ ಇನ್ನೊಂದು ಸುತ್ತು ಶುರು ಮಾಡಬೇಡಿ. ಡಿ ಮೈಯಲ್ಲೇ ಉಳಿಯುವಂಥದ್ದು, ಹೆಚ್ಚಾದರೆ ರಕ್ತದ ಕ್ಯಾಲ್ಸಿಯಂ ಏರುತ್ತದೆ. ಒಗ್ಗರಣೆಯಿಲ್ಲದ ಸೊಪ್ಪಿನದೂ ಇದೇ ಕತೆ: ನುಗ್ಗೆ, ಹರಿವೆಯಲ್ಲಿರುವ, ಎ ವಿಟಮಿನ್ ಆಗಿ ಬದಲಾಗುವ ಕ್ಯಾರೊಟಿನ್ ಮೈಗೆ ಹತ್ತಲು ಚೂರು ಎಣ್ಣೆ ಬೇಕೇ ಬೇಕು.

ಮಲ ಬಿಳಿಚಿಕೊಂಡು ಜಿಡ್ಡಾಗಿ ತೇಲುತ್ತಿದ್ದರೆ, ಕಣ್ಣು ಹಳದಿಯಾದರೆ, ಜ್ವರ ಬಂದರೆ ಮಾತ್ರ ತಡಮಾಡದೆ ಸರ್ಜನ್ ಹತ್ತಿರ ಹೋಗಿ. ಅತ್ತೆಯವರ ಮೇಲೆ ಕೋಪ ಬೇಡ. ಹಿಂದೆ ನನ್ನಂಥ ವೈದ್ಯರೇ ರೋಗಿಗಳ ತುಪ್ಪ ಬಿಡಿಸಿದ್ದುಂಟು.

ಪ್ರಶ್ನೆ: ರಕ್ತ ಕಡಿಮೆಯೆಂದು ಕಬ್ಬಿಣದ ಮಾತ್ರೆ, ಮೂಳೆಗೆಂದು ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದಾರೆ. ಮರೆಯಬಾರದೆಂದು ಎರಡನ್ನೂ ತಿಂಡಿಯಾದ ಮೇಲೆ ಕಾಫಿ ಜೊತೆ ನುಂಗುತ್ತೇನೆ. ಸರಿಯೆ?
– ಓದುಗಿ, ಹಾಸನ

ಉತ್ತರ: ಕಾಫಿ ನಾಡಿನವರಿಗೆ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಕಾಫಿ ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಕ್ಯಾಲ್ಸಿಯಂ ಕೂಡ ಅಡ್ಡಬರುತ್ತದೆ. ತಿಂಡಿಗೆ ಒಂದು ಗಂಟೆ ಮೊದಲು ಕಬ್ಬಿಣದ ಮಾತ್ರೆಯನ್ನು ನಿಂಬೆಹಣ್ಣಿನ ನೀರಿನಲ್ಲಿ ನುಂಗಿ. ಕಾಫಿ ತಿಂಡಿಯ ಜೊತೆಗಿರಲಿ, ಕ್ಯಾಲ್ಸಿಯಂ ರಾತ್ರಿ ಊಟಕ್ಕೆ. ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಸ್ವಲ್ಪ ತಿಂದೇ ನುಂಗಿ, ಬಿಟ್ಟುಬಿಡುವುದಕ್ಕಿಂತ ವಾಸಿ. ಮಲ ಕಪ್ಪಗಾದರೆ ಅದು ಮಾತ್ರೆಯ ಬಣ್ಣ. ಟಾರಿನಂತೆ ಅಂಟಂಟಾಗಿ ನಾರಿದರೆ ಮಾತ್ರ ಅಂದೇ ವೈದ್ಯರಿಗೆ ತೋರಿಸಿ.